ಅಂಕಪಟ್ಟಿ ಬಾಗಿಲವರೆಗೆ ಮಾತ್ರ

ಬಾಗಲಕೋಟೆಯಿಂದ ಹುನಗುಂದಕ್ಕೆ ಹೋಗುವ ದಾರಿಯಲ್ಲಿ, ಅಮೀನಗಡಕ್ಕಿಂತ ಮೊದಲು ಸಿಗುವ ಕಮತಗಿ ನೇಕಾರರ ಊರು. ಸೀರೆಗೆ ಇಳಕಲ್ಲಿನ ಹೆಸರು ಬಂದಿದ್ದರೂ ಅದನ್ನು ನೇಯುವ ಕೈಗಳಲ್ಲಿ ಕಮತಗಿಯ ಕೈಗಳೂ ಉಂಟು. ಅಲ್ಲಿನ ಪರಿಚಿತರೊಬ್ಬರ ಮನೆಗೆ ಹೋಗಿದ್ದಾಗ, ಮಗ್ಗದ ಎದುರಿನ ಗೋಡೆಯ ಮೇಲೆ ಹಿರಿಯರ ಭಾವಚಿತ್ರಗಳ ಸಾಲಿನಲ್ಲಿಯೇ ಒಂದು ಅಂಕಪಟ್ಟಿ ಗಾಜಿನ ಚೌಕಟ್ಟಿನೊಳಗೆ ತೂಗುತ್ತಿದ್ದುದನ್ನು ಕಂಡೆ. ಅದು ಮಗಳ ಪದವಿಪೂರ್ವ ಪರೀಕ್ಷೆಯ ಅಂಕಪಟ್ಟಿ. ನೂರಕ್ಕೆ 90ಕ್ಕೂ ಮಿಕ್ಕಿದ ಅಂಕಗಳು. ತಾಯಿ ಲಾಳಿ ನಿಲ್ಲಿಸಿ ಹೆಮ್ಮೆಯಿಂದ ಅದರತ್ತ ನೋಡಿದರು. ತಂದೆ ಮಾತ್ರ ಒಂದು ಪ್ರಶ್ನೆಯನ್ನು ಮುಂದಿಟ್ಟರು:

“ನಮ್ಮಣ್ಣನ ಮಗ ಇದಕ್ಕಿಂತ ಕಡಿಮಿ ಅಂಕ ತಗೊಂಡು ತಲಾಠಿ ಆದ. ಇಕಿಗೆ ಯಾಕ ಕರೀಲಿಲ್ಲ? ಯಾರಿಗರೆ ಏನರೆ ಕೊಡಬೇಕಾಗಿತ್ತೇನು?”

ಈ ಪ್ರಶ್ನೆಯನ್ನು ಕೇಳುತ್ತಿರುವ ಮನೆ ಅದೊಂದೇ ಅಲ್ಲ. ನಮ್ಮ ಸಮಾಜದ ನೂರಾರು ಮನೆಗಳಲ್ಲಿ, ಒಕ್ಕಲುತನದವರ ಪಡಸಾಲೆಯಲ್ಲಿಯೂ ಅಂಗಡಿಕಾರರ ಗಲ್ಲೆಯ ಮುಂದೆಯೂ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಏಳುತ್ತಿದೆ. ಮಗಳು ಹಿಂದುಳಿಯಲಿಲ್ಲ, ನೌಕರಿಗೆ ಆರಿಸುವ ವಿಧಾನವೇ ಅವಳ ಕಣ್ಣೆದುರು ಬದಲಾಯಿತು. ಅದನ್ನು ಮನೆಯವರಿಗೆ ತಿಳಿಹೇಳುವವರು ಯಾರೂ ಇರಲಿಲ್ಲ.

ಹಿರಿಯರ ನೆನಪಿನಲ್ಲಿರುವ ಕಾಲವನ್ನು ಮೊದಲು ನೋಡೋಣ. ಪರೀಕ್ಷೆ ಪಾಸಾದ ಕೂಡಲೇ ಉದ್ಯೋಗ ವಿನಿಮಯ ಕೇಂದ್ರಕ್ಕೆ ಹೋಗಿ ಹೆಸರು ನೋಂದಾಯಿಸುವುದು, ಕಾರ್ಡನ್ನು ಕಾಲಕಾಲಕ್ಕೆ ನವೀಕರಿಸುವುದು, ಅಂಚೆಯಣ್ಣನ ಸೈಕಲ್ ಗಂಟೆಗೆ ಕಿವಿಗೊಟ್ಟು ಕೂಡುವುದು ಅಂದಿನ ಪದ್ಧತಿ. ಖಾಲಿ ಹುದ್ದೆಗಳನ್ನು ಈ ಕೇಂದ್ರಗಳಿಗೆ ತಿಳಿಸಬೇಕೆಂಬ ಕಾಯದೆ 1959ರಲ್ಲಿಯೇ ಬಂದಿತ್ತು. ಕೇಂದ್ರದವರು ಕಳುಹಿಸಿದ ಹೆಸರುಗಳನ್ನಷ್ಟೇ ಪರಿಗಣಿಸುವುದು ಸಾಲದು, ಪತ್ರಿಕೆಗಳಲ್ಲಿಯೂ ಪ್ರಕಟಿಸಿ ಅರ್ಹರೆಲ್ಲರಿಗೂ ಅವಕಾಶ ಕೊಡಬೇಕು ಎಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಂಧ್ರಪ್ರದೇಶದ ಅಬಕಾರಿ ಇಲಾಖೆಯ ಪ್ರಕರಣವೊಂದರಲ್ಲಿ ಹೇಳಿತು. ಅಲ್ಲಿಂದ ಮುಂದೆ ಮನೆಗೆ ಬರುವ ಕರೆಯನ್ನು ಕಾಯುತ್ತ ಕೂಡುವ ಕಾಲ ಕ್ರಮೇಣ ಹಿಂದೆ ಸರಿದು, ಪ್ರಕಟಣೆಯನ್ನು ತಾನೇ ಹುಡುಕಿ ಅರ್ಜಿ ಹಾಕುವ ಕಾಲ ಬಂದಿತು.

ಆದರೂ ಒಂದು ಹುದ್ದೆ ಮಾತ್ರ ಬಹಳ ವರ್ಷ ಹಳೆಯ ನಂಬಿಕೆಯನ್ನು ಉಳಿಸಿಕೊಂಡಿತ್ತು. ಅದೇ ನಮ್ಮ ಭಾಗದವರು ತಲಾಠಿ ಎಂದು ಕರೆಯುವ ಗ್ರಾಮ ಲೆಕ್ಕಿಗನ ಹುದ್ದೆ. ಜಿಲ್ಲಾಧಿಕಾರಿಗಳ ಕಚೇರಿಯಿಂದ ಪ್ರಕಟಣೆ ಹೊರಡುತ್ತಿತ್ತು; ಪದವಿಪೂರ್ವ ಪರೀಕ್ಷೆಯ ಅಂಕಗಳ ಮೇಲೆ, ಮೀಸಲಾತಿಯನ್ನು ಅನುಸರಿಸಿ, ಆಯ್ಕೆ ಪಟ್ಟಿ ಸಿದ್ಧವಾಗುತ್ತಿತ್ತು. ಹದಿನೆಂಟನೆಯ ವಯಸ್ಸಿನಲ್ಲಿ ಚೆನ್ನಾಗಿ ಬರೆದ ಒಂದು ಪರೀಕ್ಷೆ ಜೀವನದ ದಾರಿಯನ್ನೇ ತೆರೆಯುತ್ತಿತ್ತು. ನೇಕಾರರ ಮನೆಯ ಆ ಅಣ್ಣನ ಮಗ ಹೀಗೆಯೇ ಆಯ್ಕೆಯಾದವನು.

ಆ ಹುದ್ದೆಗೆ ಈಗ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರು. 2024ರಲ್ಲಿ ರಾಜ್ಯದಾದ್ಯಂತ ಇಂತಹ 1000 ಹುದ್ದೆಗಳಿಗೆ ಪ್ರಕಟಣೆ ಬಂದಾಗ ಆಯ್ಕೆಯ ಹೊಣೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ಹೋಯಿತು. ಪದವಿಪೂರ್ವ ಶಿಕ್ಷಣ ಕೇವಲ ಅರ್ಹತೆಯಾಗಿ ಉಳಿಯಿತು. ಆ ವರ್ಷದ ಸೆಪ್ಟೆಂಬರ್ 29ರಂದು ಕಡ್ಡಾಯ ಕನ್ನಡ ಪರೀಕ್ಷೆ. 150 ಅಂಕಗಳಿಗೆ ಕನಿಷ್ಠ 50 ಬರಲೇಬೇಕು. ಅಕ್ಟೋಬರ್ 27ರಂದು ಸ್ಪರ್ಧಾತ್ಮಕ ಪರೀಕ್ಷೆ. ನೂರು ನೂರು ಅಂಕಗಳ ಎರಡು ಪತ್ರಿಕೆಗಳು. ಮೊದಲನೆಯದು ಸಾಮಾನ್ಯ ಜ್ಞಾನ. ಎರಡನೆಯದರಲ್ಲಿ ಸಾಮಾನ್ಯ ಕನ್ನಡಕ್ಕೆ 35, ಸಾಮಾನ್ಯ ಇಂಗ್ಲಿಷಿಗೆ 35, ಕಂಪ್ಯೂಟರ್ ತಿಳಿವಳಿಕೆಗೆ 30. ತಪ್ಪು ಉತ್ತರವೊಂದಕ್ಕೆ ಕಾಲು ಅಂಕ ಕಡಿತ. ಹುದ್ದೆ ಸಾವಿರವಾದರೆ ಅರ್ಜಿಗಳು ಲಕ್ಷಗಟ್ಟಲೆ. ಗೋಡೆಯ ಮೇಲಿನ ಅಂಕಪಟ್ಟಿ ಆ ಮಗಳನ್ನು ಪರೀಕ್ಷಾ ಕೊಠಡಿಯ ಬಾಗಿಲವರೆಗೆ ತಂದು ಬಿಟ್ಟಿತು. ಒಳಗೆ 90 ಪಡೆದವಳಿಗೂ 55 ಪಡೆದವನಿಗೂ ಸಿಕ್ಕಿದ್ದು ಒಂದೇ ಪ್ರಶ್ನೆಪತ್ರಿಕೆ.

ಇದು ಅನ್ಯಾಯವೇ? ನನಗೆ ಹಾಗೆ ತೋರುವುದಿಲ್ಲ. ಬೇರೆ ಬೇರೆ ಮಂಡಳಿಗಳ, ಬೇರೆ ಬೇರೆ ವರ್ಷಗಳ ಅಂಕಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದೇ ಒಂದು ತೊಡಕು. ಹದಿನೇಳರ ವಯಸ್ಸಿನಲ್ಲಿ ಜ್ವರ ಬಂದು ಅಂಕ ಕಳೆದುಕೊಂಡ ಹುಡುಗನಿಗೆ ಈಗ ಇನ್ನೊಂದು ಬಾಗಿಲು ತೆರೆದಿದೆ. ಆದರೆ ಹೊಸ ಕ್ರಮ ಮಗುವಿನಿಂದ ಬೇರೆಯದೇ ಸಿದ್ಧತೆಯನ್ನು ಕೇಳುತ್ತದೆ. ಆ ಸಿದ್ಧತೆ ಶಾಲೆಯಲ್ಲಿ ತಾನಾಗಿಯೇ ಆಗುತ್ತದೆಂದು ತಂದೆತಾಯಿಗಳು ಭಾವಿಸಿದರೆ ಅದು ತಪ್ಪು.

ಉಳಿದ ನೌಕರಿಗಳ ಕಥೆಯೂ ಇದೇ. ಪ್ರಾಥಮಿಕ ಶಾಲೆಯ ಶಿಕ್ಷಕನಾಗಬೇಕೆಂದರೆ ತರಬೇತಿಯ ಪದವಿಯೊಂದೇ ಸಾಲದು. 2010ರಲ್ಲಿ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು ಅರ್ಹತಾ ಪರೀಕ್ಷೆಯನ್ನು ಕಡ್ಡಾಯ ಮಾಡಿತು, ಅದರ ಮೇಲೆ ನೇಮಕಾತಿಯ ಪರೀಕ್ಷೆ ಬೇರೆ. 2022ರ ಮೇ 21 ಮತ್ತು 22ರಂದು 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಪರೀಕ್ಷೆ ನಡೆದರೂ ಆ ಹುದ್ದೆಗಳೆಲ್ಲ ತುಂಬಲಿಲ್ಲ. ನಿರುದ್ಯೋಗಿಗಳ ಸಾಲು ಅಷ್ಟು ಉದ್ದವಾಗಿರುವ ನಾಡಿನಲ್ಲಿ ಹುದ್ದೆ ಖಾಲಿ ಉಳಿಯುವುದೆಂದರೆ ಪಾಲಕರೂ ಕಾಲೇಜಿನವರೂ ಕುಳಿತು ಯೋಚಿಸಬೇಕಾದ ಮಾತು. ಸೈನ್ಯದ ಕ್ರಮವೂ ತಿರುಗಿತು. ನಸುಕಿನಲ್ಲಿ ರಸ್ತೆಯ ಅಂಚಿಗೆ ಓಡುವ ಹುಡುಗರನ್ನು ನಮ್ಮ ಎಲ್ಲ ಊರುಗಳಲ್ಲಿಯೂ ಕಾಣುತ್ತೇವೆ. ಮೊದಲು ಓಟ, ಅದರಲ್ಲಿ ಗೆದ್ದವನಿಗೆ ಬರವಣಿಗೆ ಎಂಬುದು ಹಳೆಯ ಕ್ರಮ. 2023ರಿಂದ ಅಗ್ನಿವೀರರ ಆಯ್ಕೆಯಲ್ಲಿ ಮೊದಲು ಕಂಪ್ಯೂಟರಿನ ಮುಂದೆ ಕುಳಿತು ಬರೆಯುವ ಪರೀಕ್ಷೆ. ಅದರಲ್ಲಿ ಉಳಿದವನಿಗಷ್ಟೇ ಮೈದಾನ. ಕಾಲು ಗಟ್ಟಿಯಿದ್ದು ಲೆಕ್ಕ ಬಾರದ ಹುಡುಗ ಈಗ ಮೈದಾನವನ್ನೇ ಕಾಣಲಾರ.

ಬ್ಯಾಂಕಿನ ಮಾತು ನಮಗೆ ಇನ್ನೂ ಹತ್ತಿರ. ಹಿಂದಿನ ವಿಜಾಪುರ ಜಿಲ್ಲೆಯಲ್ಲಿ ಹಳ್ಳಿ ಹಳ್ಳಿಗೆ ಶಾಖೆ ತೆರೆದಿದ್ದ ಬಿಜಾಪುರ ಗ್ರಾಮೀಣ ಬ್ಯಾಂಕು 2005ರಲ್ಲಿ ಮಲಪ್ರಭಾ ಮೊದಲಾದ ಬ್ಯಾಂಕುಗಳೊಡನೆ ಕೂಡಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಾಯಿತು. 2025ರ ಮೇ 1ರಿಂದ ಅದೂ ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಯಿತು. ಇಂತಹ ಬ್ಯಾಂಕುಗಳಿಗೆ ಸಿಬ್ಬಂದಿಯ ಪರೀಕ್ಷೆಯನ್ನು ದೇಶಕ್ಕೆಲ್ಲ ಒಂದೇ ಸಂಸ್ಥೆ ನಡೆಸುತ್ತದೆ. 2019ರಲ್ಲಿ ಕೇಂದ್ರ ಸರಕಾರವು ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಲು ಅವಕಾಶ ಕೊಡುವುದಾಗಿ ಘೋಷಿಸಿತು. 2021ರಲ್ಲಿ ರಾಷ್ಟ್ರೀಕೃತ ಬ್ಯಾಂಕುಗಳ ಗುಮಾಸ್ತರ ಪರೀಕ್ಷೆಗೂ ಹಾಗೆಯೇ ಆಗಬೇಕೆಂದು ಹಣಕಾಸು ಸಚಿವಾಲಯ ಹೇಳಿತು. ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ದೊಡ್ಡ ಅನುಕೂಲ. ಆದರೆ ಭಾಷೆ ಸುಲಭವಾದರೂ ವೇಗ ಸುಲಭವಲ್ಲ. ಗ್ರಾಮೀಣ ಬ್ಯಾಂಕಿನ ಕಚೇರಿ ಸಹಾಯಕರ ಮೊದಲ ಹಂತದ ಪರೀಕ್ಷೆಯಲ್ಲಿ 45 ನಿಮಿಷಗಳಿಗೆ 80 ಪ್ರಶ್ನೆಗಳಿರುತ್ತ ಬಂದಿವೆ. ಒಂದು ಪ್ರಶ್ನೆಗೆ 34 ಸೆಕೆಂಡೂ ಇಲ್ಲ. ಮೂರು ತಾಸಿನಲ್ಲಿ ಪುಟ ತುಂಬಿಸಿ ಬರೆದು ರೂಢಿಯಾದ ಜಾಣ ವಿದ್ಯಾರ್ಥಿ ಇಲ್ಲಿ ಮುಗ್ಗರಿಸುವುದು ಬುದ್ಧಿಯ ಕೊರತೆಯಿಂದಲ್ಲ, ಆ ರೂಢಿಯಿಂದಲೇ.

ಹಾಗಾದರೆ ಸಿದ್ಧತೆ ಎಲ್ಲಿಂದ? ಪದವಿ ಮುಗಿದ ಮೇಲೆ ಎಂಬುದು ಈಗಿನ ವಾಡಿಕೆ, ಅದು ತಡ. ಪದವಿಪೂರ್ವ ತರಗತಿಗೆ ಕಾಲಿಟ್ಟ ದಿನದಿಂದ ನಿತ್ಯ ಒಂದು ತಾಸು ಸಾಕು. ಏಳನೆಯ ತರಗತಿಯಿಂದ ಹತ್ತರವರೆಗಿನ ಗಣಿತ, ವಿಜ್ಞಾನ, ಸಮಾಜ ಪುಸ್ತಕಗಳನ್ನು ಇನ್ನೊಮ್ಮೆ ಓದುವುದರಿಂದ ಆರಂಭಿಸಬೇಕು. ರದ್ದಿಗೆ ಹಾಕಿದ ಆ ಪುಸ್ತಕಗಳನ್ನೇ ನಾಲ್ಕು ವರ್ಷದ ನಂತರ ದುಡ್ಡು ಕೊಟ್ಟು ಕೊಳ್ಳುವವರನ್ನು ನಾನು ಕಂಡಿದ್ದೇನೆ. ಮನೆಗೆ ಒಂದು ದಿನಪತ್ರಿಕೆ ಬರಲಿ. ತಂದೆ ಓದಿ ಮಡಿಚಿಟ್ಟದ್ದನ್ನು ಮಗಳು ಪೆನ್ಸಿಲು ಹಿಡಿದು ಓದಲಿ. ಇಂಗ್ಲಿಷಿನ ಭಯಕ್ಕೆ ಔಷಧವೆಂದರೆ ದಿನಕ್ಕೆ ಹತ್ತು ಸಾಲು ಗಟ್ಟಿಯಾಗಿ ಓದುವುದು, ಐದು ಸಾಲು ಸ್ವಂತ ಬರೆಯುವುದು. ಕಂಪ್ಯೂಟರಿನ ವಿಷಯದಲ್ಲಿ ಮೊಬೈಲು ಮೋಸ ಮಾಡುತ್ತದೆ. ಬೆರಳಿನಿಂದ ಪರದೆಯನ್ನು ಸರಿಸಬಲ್ಲವನಿಗೆ ಕೀಲಿಮಣೆಯ ಮೇಲೆ ಒಂದು ಅರ್ಜಿ ಟೈಪು ಮಾಡಲು ಬಾರದು. ಕಾಲೇಜಿನ ಪ್ರಯೋಗಾಲಯದಲ್ಲಿ ಧೂಳು ತಿನ್ನುತ್ತಿರುವ ಯಂತ್ರಗಳನ್ನು ಬಳಸಲು ಕೇಳಿ ಪಡೆಯುವುದು ವಿದ್ಯಾರ್ಥಿಗಳ ಹಕ್ಕು.

ಕನ್ನಡದ ಬಗ್ಗೆ ಒಂದು ಮಾತು ಬೇರೆಯಾಗಿಯೇ ಹೇಳಬೇಕು. ನಮ್ಮದೇ ಭಾಷೆಯಲ್ಲವೇ ಎಂಬ ಉದಾಸೀನದಿಂದ ಕಡ್ಡಾಯ ಕನ್ನಡವನ್ನು ಓದದೆ ಹೋಗುವವರಿದ್ದಾರೆ. ಮಾತಿನ ಕನ್ನಡ ಬೇರೆ. ಸಂಧಿ ಸಮಾಸ, ಪ್ರಬಂಧ, ಸಾರಾಂಶ, ತಪ್ಪಿಲ್ಲದ ಬರಹ ಬೇರೆ. ಕೈಬರಹ ಬಿಟ್ಟುಹೋದ ಈ ಕಾಲದಲ್ಲಿ ಒಂದೂವರೆ ಪುಟವನ್ನು ಕಾಗುಣಿತ ತಪ್ಪದೆ ಬರೆಯಬಲ್ಲ ಪದವೀಧರರು ಎಷ್ಟು ಮಂದಿ ಎಂದು ಯಾವ ಅಧ್ಯಾಪಕರನ್ನಾದರೂ ಕೇಳಿ ನೋಡಿ! ಅನುವಾದದ ತೊಡಕೂ ಉಂಟು. 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ಲೋಕಸೇವಾ ಆಯೋಗ ನಡೆಸಿದ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಪ್ರಶ್ನೆಗಳ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಡಿಸೆಂಬರ್ 29ರಂದು ಮರುಪರೀಕ್ಷೆಯನ್ನೇ ಮಾಡಬೇಕಾಯಿತು. ಅದರಲ್ಲಿಯೂ ತಪ್ಪುಗಳು ನುಸುಳಿ ಅಭ್ಯರ್ಥಿಗಳು ಬೀದಿಗಿಳಿದರು. ಕನ್ನಡ ನಾಡಿನ ಪರೀಕ್ಷೆಯಲ್ಲಿ ಕನ್ನಡವೇ ಹೀಗಾಗಬಾರದಿತ್ತು. ಆದರೆ ಅದು ಸರಿಹೋಗುವವರೆಗೆ, ಅನುಮಾನ ಬಂದ ಪ್ರಶ್ನೆಯ ಇಂಗ್ಲಿಷ್ ಪಾಠದ ಮೇಲೂ ಕಣ್ಣಾಡಿಸುವಷ್ಟು ಇಂಗ್ಲಿಷನ್ನು ಕನ್ನಡ ಮಾಧ್ಯಮದ ಮಗು ಕಲಿತಿರಬೇಕು.

ಓದಿನಲ್ಲಿ ಗೆದ್ದು ಕಾಗದದಲ್ಲಿ ಸೋತವರ ಸಂಖ್ಯೆಯೂ ಕಡಿಮೆಯಲ್ಲ. ರಾಜ್ಯದ ಹುದ್ದೆಗಳಿಗೆ ಲಿಂಗಾಯತರು ಸಾಮಾನ್ಯವಾಗಿ 3ಬಿ ಪ್ರವರ್ಗದಲ್ಲಿ ಬರುತ್ತಾರೆ. ಕೆಲವು ಒಳಪಂಗಡಗಳು 2ಎ ಪಟ್ಟಿಯಲ್ಲಿವೆ. ಶಾಲೆಯ ದಾಖಲೆಯಲ್ಲಿ ಏನು ಬರೆದಿದೆ ಎಂಬುದನ್ನು ಇಂದೇ ತೆಗೆದು ನೋಡುವುದೊಳ್ಳೆಯದು. ತಿದ್ದಬೇಕಾದ ತಪ್ಪಿದ್ದರೆ ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಈ ಪ್ರವರ್ಗಗಳಿಗೆ ಬೇಕಾದುದು ತಹಶೀಲ್ದಾರರು ಕೊಡುವ ನಮೂನೆ ಎಫ್. ಅದರ ಅವಧಿ ಐದು ವರ್ಷ. ಅರ್ಜಿಯ ಕೊನೆಯ ದಿನಾಂಕಕ್ಕೆ ಮೊದಲೇ ಅದು ಕೈಯಲ್ಲಿರಬೇಕು. ಆಯ್ಕೆಯಾದ ಮೇಲೆ ಮಾಡಿಸಿದರಾಯಿತು ಎನ್ನುವವರು ಕಣ್ಣೀರು ಹಾಕುತ್ತಾರೆ. ಕೇಂದ್ರದ ಹುದ್ದೆಗಳಿಗೂ ಬ್ಯಾಂಕುಗಳಿಗೂ ಈ 3ಬಿ ಪತ್ರ ನಡೆಯುವುದಿಲ್ಲ. ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಲಿಂಗಾಯತರ ಕೆಲವು ಒಳಪಂಗಡಗಳಷ್ಟೇ ಇವೆ. ಪಟ್ಟಿಯಲ್ಲಿಲ್ಲದವರಿಗೆ 2019ರಿಂದ ಆರ್ಥಿಕವಾಗಿ ದುರ್ಬಲರಾದವರ ಶೇಕಡಾ 10ರ ಮೀಸಲಾತಿ ಇದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇರಬೇಕು, ಐದು ಎಕರೆ ಅಥವಾ ಅದಕ್ಕಿಂತ ಹೆಚ್ಚು ಸಾಗುವಳಿ ಭೂಮಿ ಇರಬಾರದು. ನಮ್ಮ ಮಳೆಯಾಶ್ರಿತ ಎರೆಹೊಲದ ಆರು ಎಕರೆ ಎಷ್ಟು ಶ್ರೀಮಂತಿಕೆಯೆಂಬುದನ್ನು ಆ ನಿಯಮ ಬರೆದವರು ಒಮ್ಮೆ ಬಂದು ನೋಡಬೇಕಿತ್ತು.

ಗ್ರಾಮೀಣ ಮೀಸಲಾತಿಯಲ್ಲಿ ಕಮತಗಿಯಂತಹ ಊರಿನವರಿಗೆ ಒಂದು ಬಲೆ ಇದೆ. ರಾಜ್ಯದ ಹುದ್ದೆಗಳಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಒಳಮೀಸಲಾತಿ ಉಂಟು. ನೋಡಲು ಹಳ್ಳಿಯಂತಿದ್ದರೂ ಕಮತಗಿ ಪಟ್ಟಣ ಪಂಚಾಯಿತಿಯ ಊರು. ಪಟ್ಟಣ ಪಂಚಾಯಿತಿ, ಪುರಸಭೆಗಳ ವ್ಯಾಪ್ತಿಯ ಶಾಲೆ ಗ್ರಾಮೀಣವೆನಿಸುವುದಿಲ್ಲ. ಸುತ್ತಣ ಹಳ್ಳಿಯಲ್ಲಿ ಏಳರವರೆಗೆ ಓದಿ ಪ್ರೌಢಶಾಲೆಗೆ ಪಟ್ಟಣಕ್ಕೆ ಬಂದ ಮಗುವಿಗೂ ಹತ್ತು ವರ್ಷ ಪೂರ್ತಿಯಾಗದ ಕಾರಣ ಇದು ತಪ್ಪುತ್ತದೆ. ತಿಳಿಯದೆ ಅರ್ಜಿಯಲ್ಲಿ ಗುರುತು ಹಾಕಿದರೆ ದಾಖಲೆಗಳ ಪರಿಶೀಲನೆಯ ದಿನ ಮುಖಭಂಗ. ಮುಖ್ಯೋಪಾಧ್ಯಾಯರ ಸಹಿಯ ಜತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಬೇಕಾದ ಪತ್ರವಿದು. ಅರ್ಜಿ ತುಂಬುವ ಮೊದಲೇ ಆ ಕಚೇರಿಯಲ್ಲಿ ಕೇಳಿಕೊಳ್ಳುವುದು ಜಾಣತನ.

ಈಗ ಆ ತಂದೆಯ ಪ್ರಶ್ನೆಯ ಎರಡನೆಯ ಭಾಗಕ್ಕೆ ಬರುತ್ತೇನೆ. “ಏನರೆ ಕೊಡಬೇಕಾಗಿತ್ತೇನು?” ಕೇಳಿದವರು ಪ್ರಾಮಾಣಿಕರು; ಕಾಯಕದ ಅನ್ನ ಉಂಡವರು. ಅಂತಹವರ ಬಾಯಲ್ಲಿಯೂ ಈ ಮಾತು ಬಂದಿತೆಂದರೆ ಕಾಲದ ಗಾಳಿ ಹೇಗಿದೆ ನೋಡಿ. 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳ ಪ್ರಸಂಗವನ್ನು ಅವರಿಗೆ ವಿವರಿಸಿದೆ. 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. 2022ರ ಜನವರಿಯಲ್ಲಿ ಪಟ್ಟಿ ಹೊರಬಿತ್ತು. ಅಕ್ರಮ ಬಯಲಾಗಿ ಅದೇ ಏಪ್ರಿಲಿನಲ್ಲಿ ಇಡೀ ಪರೀಕ್ಷೆ ರದ್ದಾಯಿತು. ಹಿರಿಯ ಅಧಿಕಾರಿಗಳೂ ಅಭ್ಯರ್ಥಿಗಳೂ ಸೆರೆಮನೆ ಕಂಡರು. 2023ರ ನವೆಂಬರಿನಲ್ಲಿ ಉಚ್ಚ ನ್ಯಾಯಾಲಯ ರದ್ದತಿಯನ್ನು ಎತ್ತಿಹಿಡಿಯಿತು. 2024ರ ಜನವರಿ 23ರಂದು ಮರುಪರೀಕ್ಷೆಯಾಯಿತು. ಹಣ ಕೊಟ್ಟವರು ಹಣವನ್ನೂ ಮಾನವನ್ನೂ ಕಳೆದುಕೊಂಡರೆ, ಒಂದು ಪೈಸೆ ಕೊಡದೆ ಓದಿ ಆಯ್ಕೆಯಾದವರು ಎರಡು ವರ್ಷಕ್ಕೂ ಮಿಕ್ಕಿದ ಆಯುಷ್ಯವನ್ನು ಕಳೆದುಕೊಂಡರು. ಇಂತಹ ಅಕ್ರಮಗಳಿಗೆ ಕಠಿಣ ಸೆರೆವಾಸವನ್ನೂ ಕೋಟಿಗಳ ದಂಡವನ್ನೂ ವಿಧಿಸುವ ಕಾಯದೆಗೆ ರಾಜ್ಯದ ವಿಧಾನಮಂಡಲ 2023ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿದೆ. ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ “ನಮಗೆ ಬೆಂಗಳೂರಿನಲ್ಲಿ ಗುರುತಿನವರಿದ್ದಾರೆ” ಎಂದು ಪಕ್ಕಕ್ಕೆ ಕರೆದು ಮಾತನಾಡುವ ಮನುಷ್ಯ ಬಹುತೇಕ ಯಾರನ್ನೂ ಅರಿಯನು. ಹತ್ತು ಜನರಿಂದ ಹಣ ಪಡೆದು ಕೂಡುತ್ತಾನೆ. ಅವರಲ್ಲಿ ಇಬ್ಬರು ತಮ್ಮ ಓದಿನಿಂದಲೇ ಆಯ್ಕೆಯಾದರೆ ಆ ಕೀರ್ತಿ ತನ್ನದೆನ್ನುತ್ತಾನೆ. ಹೊಲ ಮಾರಿ ಹಣ ಕೊಟ್ಟವನು ಪೊಲೀಸರ ಬಳಿ ಹೋಗಲಾರ, ಏಕೆಂದರೆ ಕೊಟ್ಟದ್ದೂ ಅಪರಾಧ.

ಹಣಕ್ಕಿಂತ ದೊಡ್ಡದು ಕಾಲ. ಧಾರವಾಡದ ಸಪ್ತಾಪುರದಲ್ಲಿ, ವಿಜಯಪುರದಲ್ಲಿ ಬಾಡಿಗೆಯ ಕೋಣೆ ಹಿಡಿದು ಒಂದು ಹೊತ್ತು ಅಡುಗೆ ಮಾಡಿಕೊಂಡು ಓದುವ ಮಕ್ಕಳ ಶ್ರಮವನ್ನು ಕಂಡವರು ಹಗುರಾಗಿ ಮಾತನಾಡಲಾರರು. ಆದರೆ ಪ್ರಕಟಣೆ ಯಾವಾಗ ಬರುತ್ತದೆಂಬುದು ಅವರ ಕೈಯಲ್ಲಿಲ್ಲ. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ನಿರ್ಧಾರವಾಗುವವರೆಗೆ ಹೊಸ ನೇಮಕಾತಿಯ ಪ್ರಕಟಣೆಗಳನ್ನು ಹೊರಡಿಸಬಾರದೆಂದು 2024ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಅದು ಇತ್ಯರ್ಥವಾದುದು 2025ರ ಆಗಸ್ಟಿನಲ್ಲಿ. ಒಳಮೀಸಲಾತಿ ಬಹುಕಾಲದ ನ್ಯಾಯವಾದ ಬೇಡಿಕೆ, ಅದರ ಮಾತಲ್ಲ. ಆ ಹತ್ತು ತಿಂಗಳು ಎಲ್ಲ ಸಮಾಜಗಳ ಮಕ್ಕಳೂ ಕೋಣೆಯ ಬಾಡಿಗೆ ಕಟ್ಟುತ್ತ ಕಾದರು. ನೇಮಕಾತಿ ಬೇಗ ಆರಂಭಿಸಿರೆಂದು ಆ ವರ್ಷ ಧಾರವಾಡದ ಬೀದಿಯಲ್ಲಿ ಅವರು ಕೂಗಿದುದು ಸುಮ್ಮನೆ ಅಲ್ಲ.

ಆದ್ದರಿಂದ ಪೂರ್ಣಕಾಲದ ಓದಿಗೆ ಒಂದು ಗಡುವು ಇರಲಿ, ಎರಡು ವರ್ಷವೆನ್ನಿ, ಮತ್ತು ಆ ಗಡುವನ್ನು ಆರಂಭದಲ್ಲಿಯೇ ಮಗುವಿನೊಡನೆ ಕುಳಿತು ನಿರ್ಧರಿಸಿರಿ. ಗಡುವಿನ ನಂತರ ಓದು ನಿಲ್ಲಬೇಕಾಗಿಲ್ಲ. ಸಂಬಳ ತರುವ ಒಂದು ಕೆಲಸದ ಜತೆಗೆ ಮುಂದುವರಿಯಲಿ. ಹೆಣ್ಣುಮಕ್ಕಳ ವಿಷಯದಲ್ಲಿ ನಾವು ಬೇರೆ ಅಳತೆಗೋಲು ಹಿಡಿಯುತ್ತೇವೆ. ಮಗನಿಗೆ ಐದು ವರ್ಷ ಧಾರವಾಡ. ಮಗಳಿಗೆ ಒಂದು ಪ್ರಯತ್ನ, ಆಗದಿದ್ದರೆ ವರಾನ್ವೇಷಣೆ. ಕಮತಗಿಯ ಆ ಮನೆಯಲ್ಲಿಯೂ ಇದೇ ನಡೆದಿತ್ತು. ಇಲ್ಲಿ ನಾನು ಸ್ವಲ್ಪ ಗಡಸಾಗಿಯೇ ಮಾತನಾಡಿದೆ. ಒಂದು ಪರೀಕ್ಷೆ ಬರೆದು ಸೋತವಳು ಎರಡನೆಯದಕ್ಕೆ ತಯಾರಾಗಿರುತ್ತಾಳೆ. ಆಗಲೇ ಅವಳನ್ನು ಎಬ್ಬಿಸಿದರೆ ಹಾಕಿದ ಶ್ರಮವೆಲ್ಲ ಮಣ್ಣು.

ಸರಕಾರದ ಹೊರಗಿನ ಕೆಲಸಗಳ ಆಯ್ಕೆಯೂ ಮೊದಲಿನಂತಿಲ್ಲ. ದೊಡ್ಡ ಕಂಪನಿಗಳು ಕಾಲೇಜಿಗೆ ಬಂದು ಆರಿಸಿಕೊಳ್ಳುವುದರ ಜತೆಗೆ ದೇಶವ್ಯಾಪಿ ಪರೀಕ್ಷೆಗಳನ್ನೂ ನಡೆಸುತ್ತವೆ; ಸಣ್ಣ ಊರಿನ ಕಾಲೇಜಿನ ಮಗು ಮನೆಯಿಂದಲೇ ಅರ್ಜಿ ಹಾಕಬಹುದು. ಅರ್ಜಿಗಳನ್ನು ಮೊದಲು ಕಂಪ್ಯೂಟರೇ ಜರಡಿ ಹಿಡಿಯುವುದೂ ಉಂಟು. ಅದಕ್ಕೆ ಅಲಂಕಾರದ ಮಾತು ತಿಳಿಯದು. ಕಲಿತ ಕೆಲಸ, ಮಾಡಿದ ಕೆಲಸ, ಬಳಸಿದ ಯಂತ್ರ ಅಥವಾ ತಂತ್ರಾಂಶದ ಹೆಸರನ್ನು ನೇರವಾಗಿ ಬರೆಯಬೇಕು. ಬಿಡದಿಯಲ್ಲಿ 2007ರಲ್ಲಿ ಆರಂಭವಾದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ಹತ್ತನೆಯ ತರಗತಿ ಪಾಸಾದ ಬಡಮಕ್ಕಳಿಗೆ ಮೂರು ವರ್ಷದ ವಸತಿಸಹಿತ ಶಿಕ್ಷಣ ಕೊಡುತ್ತ ಬಂದಿದೆ. ಹುಬ್ಬಳ್ಳಿಯ ಸರಕಾರಿ ಉಪಕರಣಾಗಾರ ತರಬೇತಿ ಕೇಂದ್ರವನ್ನು ನಮ್ಮ ಪಾಲಕರು ಅಷ್ಟಾಗಿ ಗಮನಿಸಿಲ್ಲ. ರಾಜ್ಯದ 150 ಸರಕಾರಿ ಐಟಿಐಗಳಿಗೆ ಹೊಸ ಯಂತ್ರಗಳು ಬಂದಿವೆ. ಅಪ್ರೆಂಟಿಸ್ ಎಂದರೆ ಕೀಳೆಂದು ಭಾವಿಸುವವರಿದ್ದಾರೆ. ಭತ್ಯೆ ಪಡೆಯುತ್ತ ಕೆಲಸ ಕಲಿತು, ಅದರ ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದವನನ್ನು ಬರಿ ಪದವಿ ಹಿಡಿದವನಿಗಿಂತ ಮೊದಲು ಕರೆಯುವ ಕಾರ್ಖಾನೆಗಳು ಬಹಳ.

ಸಂಜೆಯಾಗುವಷ್ಟರಲ್ಲಿ ಮಾತು ಒಂದು ನೆಲೆಗೆ ಬಂದಿತ್ತು. ಮಗಳಿಗೆ ಇನ್ನೆರಡು ವರ್ಷ. ಅದರ ನಡುವೆ ಬ್ಯಾಂಕಿನ ಪರೀಕ್ಷೆಗೂ ಅರ್ಜಿ. ಬೆಳಗಿನ ಹೊತ್ತು ಬಾಗಲಕೋಟೆಗೆ ಹೋಗಿ ಕಂಪ್ಯೂಟರ್ ಕಲಿಕೆ. ನಮೂನೆ ಎಫ್ ಯಾವಾಗ ಮಾಡಿಸಿದ್ದೆಂದು ಕೇಳಿದರೆ ಯಾರಿಗೂ ನೆನಪಿರಲಿಲ್ಲ. ಟ್ರಂಕು ತೆಗೆದು ನೋಡಿದಾಗ ಅವಧಿ ಮುಗಿದು ನಾಲ್ಕು ತಿಂಗಳಾಗಿತ್ತು. ಪರಿಶೀಲನೆಗೆ ಮೂಲ ಅಂಕಪಟ್ಟಿಯೇ ಬೇಕು, ಗಾಜಿಗೆ ಅಂಟಿ ಹರಿದರೆ ಕಷ್ಟ ಎಂದು ನಾನು ಹೇಳಿದ್ದನ್ನು ಕೇಳಿ ತಂದೆ ಸ್ಟೂಲಿನ ಮೇಲೆ ಹತ್ತಿ ಚೌಕಟ್ಟನ್ನು ಕೆಳಗಿಳಿಸಿದರು. ಹಿಂದಿನ ರಟ್ಟಿನ ಮೊಳೆಗಳನ್ನು ಒಂದೊಂದಾಗಿ ಕಿತ್ತು, ಹಾಳೆಯನ್ನು ಜೋಪಾನವಾಗಿ ಬಿಡಿಸಿ ಮಗಳ ಕೈಗೆ ಕೊಟ್ಟರು. ಅವಳು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮರುದಿನ ನಾಡಕಚೇರಿಗೆ ಒಯ್ಯಬೇಕಾದ ಕಾಗದಗಳ ಜತೆಗೆ ಸೇರಿಸಿದಳು.